ಹುಲ್ಲು ತುಂಬಿದ ಕರು

ಹೊಳೆಯ ದಂಡೆಯ ಮಠದಲ್ಲಿ ನಿರುಪಾದಿ ಒಂಬತ್ತು ವರ್ಷ ಸೆಗಣಿ ಬಾಚಿದ್ದ, ಹಾಲು ಕರೆದಿದ್ದ. ಅಂದು ಅವನಿಗೆ ದೀಕ್ಷೆ. ಅಂಗಳದಲ್ಲಿ ಊರ ಮಂದಿ ಕೂತಿತ್ತು, ಮಣೆಯ ಮೇಲೆ ಕಾವಿ ಬಟ್ಟೆ ಮಡಿಸಿಟ್ಟಿತ್ತು. ಶಿಷ್ಯ ಹಿಗ್ಗಿ ಹೀರೇಕಾಯಿಯಾಗಿದ್ದ.

ಮಣೆಯ ಮೇಲೆ ಕೂರಿಸುವ ಮುಂಚೆ ಗುರುಗಳು ಅವನನ್ನು ಕರೆದುಕೊಂಡು ಕೊಟ್ಟಿಗೆಗೆ ಬಂದರು. ಊರೆಲ್ಲ ಅವರನ್ನು ಅಜ್ಜಾರು ಅನ್ನುತ್ತಿತ್ತು.

ಎಮ್ಮೆ ಕರುವನ್ನು ನೆಕ್ಕುತ್ತ ನಿಂತಿತ್ತು. ಹತ್ತಿರ ಹೋಗಿ ನೋಡಿದರೆ ಅದು ಕರುವಲ್ಲ, ಕರುವಿನ ತೊಗಲು. ಒಳಗೆ ಹುಲ್ಲು ತುಂಬಿ, ಹೊಲಿದು, ನಾಲ್ಕು ಕೋಲಿನ ಮೇಲೆ ನಿಲ್ಲಿಸಲಾಗಿತ್ತು.

"ಇದರ ಕರು ಏನಾತು?"

"ಸತ್ತೈತ್ರಿ ಅಜ್ಜಾರ. ಕರು ಕಾಣದಿದ್ರ ಎಮ್ಮಿ ಹಾಲು ಇಳಸೂದಿಲ್ಲ. ಅದಕ್ಕ ಹಿಂಗ ಮಾಡೀನ್ರಿ."

"ಯಾಕ ಸತ್ತಿತು?"

"ಗಂಡುಗರು ಅಲ್ರೀ..."

ಅಷ್ಟು ಸಾಕು ಅಂದುಕೊಂಡ ನಿರುಪಾದಿ. ಸಾಕೇ ಬಿಡಿ, ಆ ಸೀಮೆಯಲ್ಲಿ ಅದಕ್ಕಿಂತ ಹೆಚ್ಚು ಯಾರೂ ಕೇಳುವುದಿಲ್ಲ. ಎಮ್ಮೆಯ ಹೊಟ್ಟೆಯಲ್ಲಿ ಗಂಡಾಗಿ ಹುಟ್ಟಿದರೆ ಕೆಚ್ಚಲು ಎದುರಿಗಿರುತ್ತದೆ, ಹಗ್ಗ ಮಾತ್ರ ಅಲ್ಲಿಗೆ ಮುಟ್ಟುವುದಿಲ್ಲ.

"ಹಾಲು ಕುಡಿಸಲಿಲ್ಲೇನು?"

"ಮನಷ್ಯಾರಿಗೇ ಹಾಲಿಲ್ಲದ ನಾಡ್ರೀ ಇದು. ಬಡವರ ಕೂಸುಗಳು ಕರೇ ಚಾ ಕುಡದು ಮಲಗ್ತಾವು. ದನದ ಸುಖಾ ದುಃಖಾ ನೋಡೂದು ಹೊಟ್ಟಿ ತುಂಬಿದವರ ಕೆಲಸರಿ."

ಮಾತು ಚೆನ್ನಾಗಿ ಬಂತು ಎಂದು ಅವನಿಗೇ ಅನಿಸಿತು.

"ಕರುವಿನ ಪಾಲು ಯಾವ ಕೂಸು ಕುಡೀತು? ಹೆಸರು ಹೇಳು."

ನಿರುಪಾದಿ ಒಂದು ಹೆಸರಿಗಾಗಿ ಹುಡುಕಿದ. ಹಾಲು ಅಭಿಷೇಕಕ್ಕೆ ಹೋಗಿತ್ತು. ಉಳಿದದ್ದು ಕಾರಿನಲ್ಲಿ ಬರುವ ಭಕ್ತರ ಪಾಯಸಕ್ಕೆ ಹೋಗಿತ್ತು.

"ಹೇಳೋ! ಒಂದು ಹೆಸರು ಹೇಳೋ!"

ಅಜ್ಜಾರ ದನಿಗೆ ಎಮ್ಮೆ ಬೆದರಿ ಹಗ್ಗ ಜಗ್ಗಿತು.

"ಬಡವರ ಮಕ್ಕಳನ್ನ ಮುಂದ ಮಾಡಿ ಬಾಯಿಲ್ಲದ್ದನ್ನ ಉಪವಾಸ ಕೊಂದಿ. ಆ ಮಕ್ಕಳ ಬಾಯಿಗಾದ್ರೂ ಒಂದು ಹನಿ ಹಾಕಿದ್ಯಾ?"

"ಎಲ್ಲಾರೂ ಹಿಂಗ ಮಾಡ್ತಾರ್ರೀ ಅಜ್ಜಾರ. ನಮ್ಮಪ್ಪನೂ..."

"ನಿಮ್ಮಪ್ಪ ನನ್ನ ಹತ್ರ ದೀಕ್ಷಾ ಕೇಳಿರಲಿಲ್ಲ."

ಅಜ್ಜಾರು ಹುಲ್ಲಿನ ಕರುವನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಹಿಂದೆ ಎಮ್ಮೆ ಒದರತೊಡಗಿತು. ದಿನಾ ಕೇಳುವ ದನಿಯೇ. ಆದರೂ ಅಂದು ಮೊದಲ ಸಲ ನಿರುಪಾದಿ ಹಿಂದಿರುಗಿ ನೋಡಿದ. ಅವನು ತಲೆ ತಗ್ಗಿಸಿ ಹಿಂಬಾಲಿಸಿದ.

ಅಜ್ಜಾರು ನೇರ ಅಂಗಳಕ್ಕೆ ಬಂದು ಕರುವನ್ನು ದೀಕ್ಷೆಯ ಮಣೆಯ ಮೇಲೆ ನಿಲ್ಲಿಸಿದರು. ನಿರುಪಾದಿಗೆಂದು ತಂದ ಕಾವಿಯನ್ನು ಅದಕ್ಕೆ ಹೊದಿಸಿದರು. ಹಣೆಗೆ ವಿಭೂತಿ ಬಳಿದರು.

ಮಂದಿ ಗಡಬಡಿಸಿ ಎದ್ದು ನಿಂತಿತು. ಇದೇನೆಂದು ಯಾರಿಗೂ ತಿಳಿಯಲಿಲ್ಲ. ಮುಂದೆ ಕೂತಿದ್ದ ಮುದುಕಿಯೊಬ್ಬಳು ಕಾವಿ ಕಂಡದ್ದೇ ಕೈ ಮುಗಿದುಬಿಟ್ಟಳು. ಅವಳನ್ನು ನೋಡಿ ಇನ್ನಿಬ್ಬರು ಮುಗಿದರು.

ನಿರುಪಾದಿಗೆ ತಡೆಯಲಾಗಲಿಲ್ಲ. ಒಂಬತ್ತು ವರ್ಷ ಕಾದ ಮಣೆ ಅದು.

"ಅಜ್ಜಾರ, ಅದರೊಳಗ ಬರೇ ಹುಲ್ಲು ಐತ್ರಿ!"

"ಇದ್ರ ಏನಾತೋ. ಹಡದ ತಾಯಿನೇ ನಂಬೈತಿ, ಮಂದಿ ನಂಬಂಗಿಲ್ಲೇನು?"