ಮಸಾರಿ ಮತ್ತು ಎರೆ ಮಳೆ ಹಂಚಿಕೊಂಡದ್ದು

ಲೋಕವನ್ನು ಮಾಡಿ ಒಣಗಲು ಇಟ್ಟಿದ್ದ ಕಾಲ ಅದು. ಬೆಟ್ಟಗಳು ಇನ್ನೂ ಸರಿಯಾಗಿ ಕೂತಿರಲಿಲ್ಲ. ಹೊಳೆಗಳು ಯಾವ ಕಡೆ ಹರಿಯಬೇಕೆಂದು ಗಾಳಿಯನ್ನು ಕೇಳುತ್ತಿದ್ದವು. ಗಾಳಿ ತನಗೆ ಗೊತ್ತಿಲ್ಲದಿದ್ದರೂ ಹೇಳುತ್ತಿತ್ತು.

ಆಗ ಒಂದು ದೊಡ್ಡ ಹುಲ್ಲುಗಾವಲಿತ್ತು. ಅಲ್ಲಿ ಅಣ್ಣತಮ್ಮಂದಿರಾದ ಎರಡು ಮಣ್ಣುಗಳು ವಾಸವಾಗಿದ್ದವು. ದಿಬ್ಬದ ಮೇಲಿನ ಕೆಂಪು ಮಣ್ಣು ಅಣ್ಣ. ಅವನ ಹೆಸರು ಮಸಾರಿ. ತಗ್ಗಿನ ಕಪ್ಪು ಮಣ್ಣು ತಮ್ಮ. ಅವನ ಹೆಸರು ಎರೆ. ಇಬ್ಬರೂ ದಿನವಿಡೀ ಒಬ್ಬರನ್ನೊಬ್ಬರು ನೋಡುತ್ತಿದ್ದರು. ಹೊಳೆ ಅದನ್ನು ಪ್ರೀತಿ ಎಂದು ತಿಳಿದಿತ್ತು. ಹೊಳೆ ದೂರದಲ್ಲಿತ್ತು.

ಮಳೆ ಬಂದರೆ ಇಬ್ಬರೂ ಒಟ್ಟಿಗೆ ಬಾಯಿ ತೆರೆಯುತ್ತಿದ್ದರು. ಅಣ್ಣ ಒಂದು ಗುಟುಕು ಕುಡಿದರೆ ತಮ್ಮನೂ ಒಂದು ಗುಟುಕು. ಅಣ್ಣನ ಮೇಲೆ ಹುಲ್ಲು ಚಿಗುರಿದ ದಿನವೇ ತಮ್ಮನ ಮೇಲೂ ಚಿಗುರಬೇಕು. ಅಣ್ಣನ ಹುಲ್ಲು ಒಣಗಿದರೆ ತಮ್ಮ ತನ್ನ ಹೊಟ್ಟೆಯಲ್ಲಿ ಉಳಿದ ನೀರನ್ನೂ ಬಿಸಿಲಿಗೆ ಚೆಲ್ಲಿಬಿಡುತ್ತಿದ್ದ. ಇಲ್ಲದಿದ್ದರೆ ಅಣ್ಣ, "ನಿನಗೆ ಜಾಸ್ತಿ ಸಿಕ್ಕೈತಿ" ಎಂದು ಜಗಳ ತೆಗೆಯುತ್ತಿದ್ದ.

ಹೀಗಾಗಿ ಇಡೀ ಹುಲ್ಲುಗಾವಲು ಒಂದೇ ದಿನ ಹಸಿರಾಗುತ್ತಿತ್ತು, ಒಂದೇ ದಿನ ಒಣಗುತ್ತಿತ್ತು. ನೋಡಲು ಬಹಳ ನ್ಯಾಯವಾಗಿತ್ತು. ತಿನ್ನುವವರಿಗೆ ಮಾತ್ರ ಕಷ್ಟವಾಗುತ್ತಿತ್ತು.

ತಿನ್ನುವವರು ಎಂದರೆ ಮಾಳವ್ವನ ಕುರಿಗಳು. ಮಾಳವ್ವ ತನ್ನ ಗಂಡ ಜಕ್ಕಪ್ಪನ ಜೊತೆ ಆ ಹುಲ್ಲುಗಾವಲಿನಲ್ಲಿ ಕುರಿ ಕಾಯುತ್ತಿದ್ದಳು. ಮಳೆಗಾಲದಲ್ಲಿ ಕುರಿಗಳು ಹೊಟ್ಟೆ ಉಬ್ಬುವಷ್ಟು ತಿನ್ನುತ್ತಿದ್ದವು. ಚಳಿ ಶುರುವಾಗುವ ಹೊತ್ತಿಗೆ ಎಲ್ಲಿ ನೋಡಿದರೂ ಒಣ ಕಡ್ಡಿ. ಮರಿ ಹುಟ್ಟುವುದೂ ಅದೇ ಹೊತ್ತಿಗೆ. ತಾಯಿಯ ಕೆಚ್ಚಲಲ್ಲಿ ಹಾಲಿಲ್ಲ. ಕೆಂಚಿ ಎಂಬ ಕುರಿಯ ಹಿಂದಿನ ಮರಿ ನಿಲ್ಲಲು ಕಲಿಯುವ ಮೊದಲೇ ಹೋಗಿತ್ತು. ಈ ಬೇಸಿಗೆಯ ಕೊನೆಗೆ ಕೆಂಚಿ ಮತ್ತೆ ಗಬ್ಬವಾಗಿತ್ತು.

"ಈ ಸಲ ಇದರ ಮರಿ ಉಳೀಬೇಕು" ಎಂದಳು ಮಾಳವ್ವ.

"ಉಳೀಬೇಕು ಅಂದ್ರ ಉಳಿತೈತೇನು? ಹುಲ್ಲನ್ನ ಕೇಳು ಹೋಗು" ಎಂದ ಜಕ್ಕಪ್ಪ. ಅವನು ತಮಾಷೆಗೆ ಹೇಳಿದ್ದ. ಮಾಳವ್ವ ಹೋಗಿ ಕೇಳಿಯೇಬಿಟ್ಟಳು.

"ಯಾಕವ್ವಾ, ಎಲ್ಲಾ ಕಡೆ ಒಂದ ದಿನ ಏಳ್ತೀ, ಒಂದ ದಿನ ಮಲಗ್ತೀ?"

ಒಣಗಿದ್ದ ಹುಲ್ಲು ಕಣ್ಣು ತೆರೆಯದೆ ಹೇಳಿತು: "ಕೆಳಗಿನವರು ನೀರು ಕೊಟ್ರ ಏಳ್ತೀನಿ, ಬಿಟ್ರ ಮಲಗ್ತೀನಿ. ನನ್ನ ಯಾರೂ ಏನೂ ಕೇಳೂದಿಲ್ಲ. ನೀನ ಮೊದಲನೇದಾಕಿ."

ಮಾಳವ್ವ ತಲೆ ಎತ್ತಿ ಮೋಡವನ್ನು ಕೇಳಿದಳು.

"ಸುರಿಯೂದು ನನ್ನ ಕೆಲಸ. ಆಮೇಲೆ ಯಾರು ಏನು ಮಾಡ್ತಾರಂತ ನೋಡಾಕ ನಾ ನಿಲ್ಲೂದಿಲ್ಲ" ಎಂದು ಮೋಡ ಮುಂದೆ ಹೋಯಿತು. ಮೋಡಗಳು ಇಂದಿಗೂ ಇದೇ ಮಾತು ಹೇಳುತ್ತವೆ.

ಅವಳು ಹಟ್ಟಿಗೆ ಮರಳಿದಾಗ ಕುರಿ ಉಣ್ಣೆ ಕತ್ತರಿಸುವ ಕೆಲಸ ಮುಗಿದಿತ್ತು. ಜಕ್ಕಪ್ಪ ಮತ್ತು ಅವನ ತಮ್ಮ ಉಣ್ಣೆ ಹಂಚಿಕೊಳ್ಳುತ್ತಿದ್ದರು. ಅವರಲ್ಲಿ ಒಂದು ಪದ್ಧತಿಯಿತ್ತು. ಅಣ್ಣ ಎರಡು ಗುಡ್ಡೆ ಮಾಡಬೇಕು, ತಮ್ಮ ತನಗೆ ಬೇಕಾದದ್ದನ್ನು ಮೊದಲು ಎತ್ತಿಕೊಳ್ಳಬೇಕು. ಆದ್ದರಿಂದ ಜಕ್ಕಪ್ಪ ಗುಡ್ಡೆ ಮಾಡುವಾಗ ಎಷ್ಟು ಪ್ರಾಮಾಣಿಕನಾಗಿರುತ್ತಿದ್ದ ಎಂದರೆ, ಒಂದು ಎಳೆ ಇಲ್ಲಿಂದ ತೆಗೆದು ಅಲ್ಲಿಟ್ಟು, ಮತ್ತೆ ಅಲ್ಲಿಂದ ತೆಗೆದು ಇಲ್ಲಿಡುತ್ತಿದ್ದ. ಉಳಿದ ದಿನಗಳಲ್ಲಿ ಅವನು ಹಾಗಿರಲಿಲ್ಲ.

ಮಾಳವ್ವ ಅದನ್ನು ನೋಡಿದಳು. ಒಂದು ಕಂಬಳಿ ಹೆಗಲಿಗೆ ಹಾಕಿಕೊಂಡು, ದಿಬ್ಬ ಮುಗಿದು ತಗ್ಗು ಶುರುವಾಗುವ ಜಾಗಕ್ಕೆ ಹೋಗಿ ಹಾಸಿದಳು.

"ಬರ್ರೆಪಾ ಇಬ್ಬರೂ. ನಿಮ್ಮ ಮಳೆ ಹಂಚ್ಕೊಳ್ರಿ. ಮಸಾರಿ, ನೀ ದೊಡ್ಡಾಂವ, ಪಾಲು ಮಾಡು. ಎರೆ, ನೀ ಸಣ್ಣಾಂವ, ಆರಿಸ್ಕೊ. ಒಮ್ಮೆ ಆರಿಸಿದ ಮ್ಯಾಲೆ ಮಾತಿಲ್ಲ."

ಇಬ್ಬರೂ ಒಪ್ಪಿದರು. ತಾನು ಇನ್ನೊಬ್ಬನಿಗಿಂತ ಜಾಣ ಎಂದು ಇಬ್ಬರಿಗೂ ಖಾತ್ರಿಯಿತ್ತು.

ಮಸಾರಿಗೆ ಕಾಯುವುದೆಂದರೆ ಆಗುತ್ತಿರಲಿಲ್ಲ. ಅವನಿಗೆ ಬೇಕಾದದ್ದು ಮೊದಲ ಮಳೆ. ಆದರೆ ಅದನ್ನು ಬಾಯಿಬಿಟ್ಟು ಕೇಳಿದರೆ ತಮ್ಮ ಅದನ್ನೇ ಎತ್ತಿಕೊಳ್ಳುತ್ತಾನೆ. ಅವನು ಯೋಚಿಸಿ, ಬೆಣಚುಕಲ್ಲುಗಳನ್ನು ತಂದು ಕಂಬಳಿಯ ಒಂದು ಕಡೆ ಸಣ್ಣ ಗುಡ್ಡೆ ಹಾಕಿದ.

"ಇದು ಮೊದಲನೇ ಮಳೆಗಳು" ಎಂದ.

ಇನ್ನೊಂದು ಕಡೆ ದೊಡ್ಡ ಗುಡ್ಡೆ ಹಾಕಿದ. "ಇದು ಆಮೇಲೆ ಬರೂವು ಎಲ್ಲಾ. ನೋಡು ತಮ್ಮಾ, ಯಾವುದು ಬೇಕು?"

ಎರೆ ದೊಡ್ಡ ಗುಡ್ಡೆಯನ್ನು ನೋಡಿದ, ಅಣ್ಣನ ಮುಖವನ್ನು ನೋಡಿದ. ಅಣ್ಣ ಆಕಾಶ ನೋಡುತ್ತಿದ್ದ.

"ದೊಡ್ಡದು ನನಗ" ಎಂದ ಎರೆ. "ಕಲ್ಲು ನೀನ ಇಟ್ಕೊ. ಮಳಿ ಅಷ್ಟ ಸಾಕು."

ಅಣ್ಣ ಮೀಸೆಯಲ್ಲೇ ನಕ್ಕ. ತಮ್ಮನೂ ನಕ್ಕ. ಕಲ್ಲುಗಳೆಲ್ಲ ಮಸಾರಿಯ ಪಾಲಿಗೆ ಉಳಿದವು. ಮಾಳವ್ವ ಕಂಬಳಿ ಕೊಡವಿಕೊಂಡು ಮನೆಗೆ ಹೋದಳು.

ಮೊದಲ ಮಳೆ ಬಂತು. ಮಸಾರಿ ಅದನ್ನು ಗಟಗಟ ಕುಡಿದು ಹುಲ್ಲಿಗೆ ಕೊಟ್ಟ. ದಿಬ್ಬ ಹಸಿರಾಯಿತು. ಎರೆಯ ಮೇಲೂ ಹನಿ ಬಿತ್ತು, ಆದರೆ ಅದು ಅವನ ಪಾಲಿನದಲ್ಲ. ಅವನು ಅದನ್ನು ಬಿರುಕುಗಳೊಳಗೆ ಇಳಿಯಲು ಬಿಟ್ಟು, ಹುಲ್ಲಿಗೆ ಏನೂ ಕೊಡದೆ, ಬಾಯಿ ತೆರೆದುಕೊಂಡು ಕಾದ. ಕುರಿಗಳೆಲ್ಲ ದಿಬ್ಬ ಹತ್ತಿದವು. ತಗ್ಗಿನ ಕಡೆ ಒಂದು ಕುರಿಯೂ ತಿರುಗಿ ನೋಡಲಿಲ್ಲ.

ಆಮೇಲೆ ಜಡಿ ಮಳೆಗಳು ಬಂದವು. ಮಸಾರಿ ಮಾತಿಗೆ ತಪ್ಪಲಿಲ್ಲ. ತನ್ನ ಮೇಲೆ ಬಿದ್ದದ್ದನ್ನೆಲ್ಲ ಕೆಳಗೆ ಹರಿಸಿದ. ಎರೆ ಕುಡಿದ, ಕುಡಿದ, ಊದಿಕೊಂಡ, ಬಿರುಕುಗಳೆಲ್ಲ ಮುಚ್ಚಿದವು. ಅಣ್ಣ ವಾಪಸು ಕೇಳಿಯಾನು ಎಂಬ ಭಯಕ್ಕೆ ನೀರನ್ನು ಮುಷ್ಟಿಯಲ್ಲಿ ಹಿಡಿದವನಂತೆ ಬಿಗಿಯಾಗಿ ಹಿಡಿದ. ತನ್ನ ಮೇಲೆ ಕಾಲಿಟ್ಟವರ ಕಾಲನ್ನೂ ಹಿಡಿದ. ಹುಲ್ಲಿಗೆ ಮಾತ್ರ ಸ್ವಲ್ಪ ಸ್ವಲ್ಪವೇ ಕೊಟ್ಟ.

ಹುಲ್ಲು ಎರಡೂ ಮನೆಯ ರೀತಿ ನೋಡಿ ಅರ್ಥ ಮಾಡಿಕೊಂಡಿತು. ಅಣ್ಣನ ಮನೆಯಲ್ಲಿ ಗಿಡ್ಡವಾಗಿಯೇ ಇದ್ದು, ಬೇಗ ಬೇಗ ಬೀಜ ಉದುರಿಸಿ ಮಲಗಿತು. ತಮ್ಮನ ಮನೆಯಲ್ಲಿ ಬೇರನ್ನು ಆಳಕ್ಕೆ ಇಳಿಸಿ, ಸೊಂಟದೆತ್ತರ ಬೆಳೆದು, ಆರಾಮಾಗಿ ನಿಂತಿತು.

ಚಳಿ ಬಂತು. ದಿಬ್ಬ ಹಳದಿಯಾಯಿತು. ಮಾಳವ್ವ ಮಂದೆಯನ್ನು ತಗ್ಗಿಗೆ ಇಳಿಸಿದಳು. ಅಲ್ಲಿ ಹುಲ್ಲಿನ ಬುಡ ಇನ್ನೂ ಹಸಿಯಾಗಿತ್ತು. ಕೆಂಚಿ ಅಲ್ಲೇ ಮರಿ ಹಾಕಿತು. ಮರಿ ಬಿತ್ತು, ಎದ್ದಿತು, ಮತ್ತೆ ಬಿತ್ತು, ಎದ್ದು ಕೆಚ್ಚಲಿಗೆ ಬಾಯಿ ಹಾಕಿತು. ಬಾಯಿಯ ಅಂಚಿನಲ್ಲಿ ಹಾಲು ಇಳಿಯಿತು.

ಜಕ್ಕಪ್ಪ ಬಹಳ ಹೊತ್ತು ನೋಡಿ, "ಹುಲ್ಲನ್ನ ಕೇಳು ಅಂತ ನಾನ ಹೇಳಿದ್ದೆ" ಎಂದ.

"ಹೌದ್ರಿ, ನೀವ ಹೇಳಿದ್ರಿ" ಎಂದಳು ಮಾಳವ್ವ. ಅವಳ ಕಣ್ಣು ಮರಿಯ ಮೇಲಿತ್ತು.

ಆ ಹೊತ್ತಿಗೆ ಮಸಾರಿ ದೂರು ತಂದ. "ಮಾಳವ್ವಾ, ನಂದು ಒಣಗಿ ಹೋತು. ಅವಂದು ನೋಡು, ಇನ್ನೂ ಹಸರು. ಇದು ಮೋಸ."

"ಪಾಲು ಮಾಡಿದಾಂವ ಯಾರಪಾ?"

ಮಸಾರಿ ದಿಬ್ಬಕ್ಕೆ ಮರಳಿದ. ಬೇಸಿಗೆ ಕಳೆದು ಮತ್ತೆ ಮೊದಲ ಹನಿ ಬಿದ್ದಾಗ ಎರೆ ಬಂದ. "ಎಲ್ಲಾರೂ ಅಣ್ಣನ ಕಡೆ ಓಡ್ಯಾರ. ನಾ ಬಾಯಿ ಬಿಟ್ಕೊಂಡು ಕುಂತೀನಿ. ನನ್ನ ಯಾರೂ ಕೇಳವಲ್ರು."

"ಆರಿಸಿದಾಂವ ಯಾರಪಾ?"

ಎರೆಯೂ ತಗ್ಗಿಗೆ ಮರಳಿದ. ಕೆಂಚಿಯ ಮರಿ ಅಷ್ಟರಲ್ಲಿ ದಿಬ್ಬದ ತುದಿಯಲ್ಲಿ ನಿಂತು ಹೊಸ ಚಿಗುರನ್ನು ಕಡಿಯುತ್ತಿತ್ತು. ಅದಕ್ಕೆ ಇಬ್ಬರ ಮೇಲೂ ಯಾವ ದೂರೂ ಇರಲಿಲ್ಲ.

ಅದಕ್ಕೇ ಮಗು, ಮೊದಲ ಮಳೆ ಬಿದ್ದಾಗ ಕಲ್ಲು ತುಂಬಿದ ಕೆಂಪು ದಿಬ್ಬ ಥಟ್ಟನೆ ಹಸಿರಾಗುತ್ತದೆ, ಕೆಳಗಿನ ಕಪ್ಪು ನೆಲ ಬಿರುಕು ಬಿಟ್ಟುಕೊಂಡು ಇನ್ನೂ ಕಾಯುತ್ತಿರುತ್ತದೆ. ಚಳಿಗಾಲದಲ್ಲಿ ನೀನು ನೋಡುವ ಆ ಕುರಿಮಂದೆ, ಹಳದಿ ದಿಬ್ಬದಿಂದ ತಗ್ಗಿನ ಎತ್ತರದ ಹುಲ್ಲಿಗೆ ಮರಿಗಳ ಜೊತೆ ಇಳಿಯುವಾಗ, ಮಾಳವ್ವ ಕಂಬಳಿ ಹಾಸಿದ ಜಾಗವನ್ನೇ ದಾಟುತ್ತಿರುತ್ತದೆ.