ಪಲ್ಲಕ್ಕಿಯ ಮಾಚ ಹೇಳಿದ ಮೂರನೆಯ ಉತ್ತರ

"ಕೇಳಿ, ಕಲ್ಗುಂದಿಯ ಜನಗಳೇ, ಕೇಳಿ! ನಮ್ಮ ಅರಸರಾದ ಬಿಲ್ಲರಸರ ಅರಮನೆಯಲ್ಲಿ ಆಳುಕಾಳು ನಿಲ್ಲುತ್ತಿಲ್ಲ. ಕಾರಣ ಏನೆಂದು ಅರಸರಿಗೆ ತಿಳಿಯಬೇಕಾಗಿದೆ. ಅವರ ತಾಯಿ ಹೊನ್ನಲದೇವಿಯವರು ಮೂರು ಒಗಟು ಒಡ್ಡುತ್ತಾರೆ. ಕಾರಣ ಆ ಒಗಟುಗಳ ಒಳಗೇ ಇದೆಯಂತೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರು ಸಾಯುವ ತನಕ ಕಲ್ಲುಗಣಿಯಲ್ಲಿ ಕಲ್ಲೊಡೆಯಬೇಕು!"

ಡಂಗುರ ಸಾರಿದ ಮುದುಕ ಮುಂದಿನ ಬೀದಿಗೆ ಹೋಗುವ ಮೊದಲು ಜಗುಲಿಯೊಂದರ ಮೇಲೆ ಕುಳಿತು ಕೆಮ್ಮಿದ. ಜೊತೆಯವರೆಲ್ಲ ಕೆಲಸ ಬಿಟ್ಟು ಹೋಗಿದ್ದರು. ಇಡೀ ಊರಿಗೆ ಡಂಗುರ ಸಾರಲು ಈಗ ಅವನೊಬ್ಬನೇ.

ಬಿಲ್ಲರಸ ಹೇಡಿಯಲ್ಲ, ಜಿಪುಣನೂ ಅಲ್ಲ. ಜನ ಹೋಗತೊಡಗಿದಾಗ ಸಂಬಳ ಹೆಚ್ಚಿಸಿದ. ಸಂಬಳ ಪಡೆದುಕೊಂಡೇ ಹೋದರು. ಬಾಗಿಲಿಗೆ ಕಾವಲು ಹಾಕಿದ, ಕಾವಲಿನವರೂ ಹೋದರು. ಆಮೇಲೆ ಬಿಟ್ಟು ಹೋಗುವಾಗ ಸಿಕ್ಕಿಬಿದ್ದವರನ್ನು ಗಣಿಗೆ ಅಟ್ಟತೊಡಗಿದ. ಹೊನ್ನಲದೇವಿ ಮಗನಿಗೆ ನೇರವಾಗಿ ಹೇಳಿ ಹೇಳಿ ಸಾಕಾಗಿದ್ದಳು. ಒಗಟಾದರೂ ಕಿವಿಗೆ ಬಿದ್ದೀತೆಂದು ಈ ಹಾದಿ ಹಿಡಿದಳು. ಗಣಿಯ ಶಿಕ್ಷೆ ಮಾತ್ರ ಅವಳದಲ್ಲ, ಮಗ ಸೇರಿಸಿದ್ದು.

ಅರಮನೆಯ ಪಲ್ಲಕ್ಕಿ ಹೊರುವವರಲ್ಲಿ ಮಾಚನೆಂಬ ಹುಡುಗನಿದ್ದ. ಅವನ ಅಣ್ಣ ಬೊಮ್ಮನೂ ಅದೇ ಪಲ್ಲಕ್ಕಿಗೆ ಹೆಗಲು ಕೊಟ್ಟವನು. ಒಂದು ದಿನ ಪೇಟೆಬೀದಿಯಲ್ಲಿ ಬೊಮ್ಮನ ಕಾಲಿಗೆ ಮುಳ್ಳು ಹೊಕ್ಕು ಪಲ್ಲಕ್ಕಿ ವಾಲಿತು. ಅರಸ ಇಳಿದು ಬಂದು, ನೆರೆದ ಜನರೆದುರು, "ಎತ್ತಿಗಾದರೂ ನಡೆಯಲು ಗೊತ್ತು, ನಿನಗೆ ಗೊತ್ತಿಲ್ಲ" ಎಂದು ಒದ್ದ. ಮರುದಿನ ಬೊಮ್ಮ ಊರು ಬಿಟ್ಟು ಹೊರಟು, ಹೆಬ್ಬಾಗಿಲಲ್ಲಿ ಸಿಕ್ಕಿಬಿದ್ದು ಗಣಿ ಸೇರಿದ. ಇನ್ನೂ ಮೂವರು ಹೋದ ಮೇಲೆ ಎಂಟು ಹೆಗಲಿನ ಪಲ್ಲಕ್ಕಿಯನ್ನು ನಾಲ್ಕು ಹೆಗಲು ಹೊರುತ್ತಿದ್ದವು. ಮಾಚನ ಹೆಗಲ ಹುಣ್ಣು ಮಾಯುತ್ತಲೇ ಇರಲಿಲ್ಲ.

ಒಗಟಿನ ದಿನ ಸಭೆಯಲ್ಲಿ ಹೊನ್ನಲದೇವಿ ಕೇಳಿದಳು: "ಬಾಗಿಲಿಗೆ ಬೀಗವಿದ್ದರೂ ಅದು ಹೊರಗೆ ಹೋಗುತ್ತದೆ. ಹೋದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಮೊದಲು ಹೋಗುತ್ತದೆ, ಕಾಲುಗಳು ಆಮೇಲೆ. ಏನದು?"

ಪಾಳೆಯಗಾರನ ಮಗ ಚೆನ್ನಪೊಡೆಯ, "ಹೊಗೆ" ಎಂದ. ಮುದುಕಿ ಅಲ್ಲವೆಂದು ತಲೆಯಾಡಿಸಿದಳು. ಅವನ ಉಂಗುರಗಳನ್ನು ಬಿಚ್ಚಿಸಿ ಕರೆದೊಯ್ದರು. ಮುತ್ತಿನ ವ್ಯಾಪಾರಿಯ ಮಗ ಬಹಳ ಹೊತ್ತು ಯೋಚಿಸಿ, "ನೆರಳು" ಎಂದ. ಅವನನ್ನೂ ಕರೆದೊಯ್ದರು, ಅವನ ತಾಯಿಯ ಅಳು ಅಂಗಳ ದಾಟುವವರೆಗೂ ಕೇಳಿಸಿತು. ಆಮೇಲೆ ಯಾರೂ ಏಳಲಿಲ್ಲ.

ಗೋಡೆಗೆ ಒರಗಿ ನಿಂತಿದ್ದ ಮಾಚ ಮುಂದೆ ಬಂದ. ಹೆದರುವುದಕ್ಕೂ ತ್ರಾಣ ಬೇಕು. ಅದು ಅವನಲ್ಲಿ ಉಳಿದಿರಲಿಲ್ಲ. ಗಣಿಗೆ ಹೋದರೆ ಅಣ್ಣನಾದರೂ ಸಿಗುತ್ತಾನೆ ಎಂದುಕೊಂಡ.

"ಅದು ಮನಸ್ಸು, ತಾಯೀ. ನಮ್ಮಣ್ಣ ಮಾರನೆಯ ದಿನ ಹೊರಟ. ಅವನ ಮನಸ್ಸು ಪೇಟೆಬೀದಿಯಲ್ಲೇ ಹೊರಟುಹೋಗಿತ್ತು."

ಮುದುಕಿಯ ಮುಖ ಸ್ವಲ್ಪ ಅರಳಿತು. "ಸರಿ. ಎರಡನೆಯದು: ತಕ್ಕಡಿಯಲ್ಲಿಟ್ಟರೆ ತೂಕವಿಲ್ಲ, ಸಿಕ್ಕಿದರೆ ಹೊತ್ತ ಹೊರೆ ಹಗುರ. ಒಡೆಯನ ಬಳಿ ಬೇಕಾದಷ್ಟಿದೆ, ಕೊಟ್ಟರೆ ಖರ್ಚಾಗುವುದಿಲ್ಲ. ಆದರೂ ಒಬ್ಬರಿಗೂ ಕೊಟ್ಟಿಲ್ಲ."

"'ದಣಿದೆಯೇನಪ್ಪಾ' ಅನ್ನುವ ಒಂದು ಮಾತು," ಎಂದ ಮಾಚ. "ನಮಗದು ಸಿಕ್ಕಿಲ್ಲ. ಸಿಕ್ಕಿದ್ದರೆ ಹಗುರವಾಗುತ್ತಿತ್ತು."

ಬಿಲ್ಲರಸ ಸಿಂಹಾಸನದಲ್ಲಿ ಮಿಸುಕಾಡಿದ. ಹೊನ್ನಲದೇವಿ ಮಗನ ಕಡೆ ನೋಡದೆ ಮೂರನೆಯದನ್ನು ಕೇಳಿದಳು: "ಈ ಅರಮನೆಯಿಂದ ಎಲ್ಲರನ್ನೂ ಹೊರದಬ್ಬುತ್ತಿರುವವನು ಒಬ್ಬನೇ. ಅವನು ಯಾರೆಂದು ಎಲ್ಲರಿಗೂ ಗೊತ್ತು. ಅವನನ್ನು ಹುಡುಕಿ ಸೋತವನಿಗೆ ಮಾತ್ರ ಗೊತ್ತಿಲ್ಲ. ಯಾರವನು?"

ಸಭೆಯವರೆಲ್ಲ ನೆಲ ನೋಡಿದರು. ವಿಧಿ ಎಂದುಬಿಡಲೇ, ಬಡತನ ಎನ್ನಲೇ ಎಂದು ಮಾಚನಿಗೂ ಅನಿಸಿತು. ಸುಳ್ಳು ಕಟ್ಟುವುದಕ್ಕೂ ಅವನಿಗೆ ಆಯಾಸ.

"ನೀವೇ, ಬುದ್ಧೀ."

ಅರಸ ಕತ್ತಿ ಹಿರಿದು ಎದ್ದ. "ಇವನು ಹೇಳಿದ್ದು ಸುಳ್ಳು ಎನ್ನಿ! ಯಾರಾದರೂ ಎನ್ನಿ!"

ಯಾರೂ ಅನ್ನಲಿಲ್ಲ. ಕಾದು ಕಾದು ಅರಸನ ತೋಳೇ ಸೋತು ಕತ್ತಿ ತಾನಾಗಿ ಇಳಿಯಿತು.

"ನಾನೇನು ಸಂಬಳ ನಿಲ್ಲಿಸಿದೆನೇ?" ಎಂದು ಕೇಳಿದ. ದನಿ ಕುಗ್ಗಿತ್ತು.

"ಇಲ್ಲ ಬುದ್ಧೀ. ಹೊಳೆಯ ಸೆಳೆತದಲ್ಲಿ ಮಾವುತ ಹಾಲುಗ ಆನೆಯನ್ನು ತಿರುಗಿಸಿ ನಿಮ್ಮ ಜೀವ ಉಳಿಸಿದ. ನೀವು ಸಭೆಯಲ್ಲಿ, ಆನೆ ತಿರುಗಿಸಿದವನು ನಾನೇ ಅಂದಿರಿ. ಅವನು ಹಿಂದೆಯೇ ನಿಂತಿದ್ದ. ಇವತ್ತಿಗೂ ಆ ಆನೆಯ ಮಾತು ಬಂದರೆ ಅಳುತ್ತಾನೆ. ಆನೆ ಬೇಡವಾಗಿ ಹೋದವನಲ್ಲ. ಅಡಿಗೆಯ ನಾಗವ್ವ ನಿಮಗೆ ಜ್ವರ ಬಂದಾಗ ಒಲೆಯ ಮುಂದೆಯೇ ಮಲಗಿದವಳು. ಗಂಜಿಗೆ ಉಪ್ಪು ಹೆಚ್ಚಾಯಿತೆಂದು ಬಟ್ಟಲು ಅವಳ ಮೇಲೆಸೆದಿರಿ. ಇಂಥವು ಇನ್ನೂ ಇವೆ. ಹೇಳಲು ನನಗೆ ಶಕ್ತಿಯಿಲ್ಲ."

ಬಿಲ್ಲರಸ ತಾಯಿಯ ಕಡೆ ತಿರುಗಿದ. "ಉತ್ತರ ಸರಿಯೇ, ಅಮ್ಮಾ?"

"ಸರಿ, ಮಗಾ."

ಅರಸ ಕತ್ತಿಯನ್ನು ಒರೆಗೆ ಸೇರಿಸಿ ಕುಳಿತ. ಕೊನೆಗೆ, "ಏನು ಬೇಕು, ಕೇಳು," ಎಂದ.

"ಗಣಿಯಲ್ಲಿರುವವರನ್ನೆಲ್ಲ ಬಿಡಿ. ನಮ್ಮಣ್ಣನೂ ಅಲ್ಲಿದ್ದಾನೆ."

"ಬಿಟ್ಟೆ. ಕೆರೆಯ ಕೆಳಗಿನ ಗದ್ದೆಯನ್ನೂ ನಿಮ್ಮಿಬ್ಬರಿಗೆ ಕೊಟ್ಟೆ. ನೀನು ಇಲ್ಲೇ ಇರುತ್ತೀಯಾ?"

"ಗೊತ್ತಿಲ್ಲ ಬುದ್ಧೀ. ಮೊದಲು ನಿದ್ದೆ ಮಾಡಬೇಕು."

ಗಣಿಯ ಬಾಗಿಲು ಅಂದೇ ತೆರೆಯಿತು. ಚೆನ್ನಪೊಡೆಯನೂ ವ್ಯಾಪಾರಿಯ ಮಗನೂ ಓಡುತ್ತ ಮನೆ ಸೇರಿದರು. ಬೊಮ್ಮನಿಗೆ ಓಡಲಾಗಲಿಲ್ಲ. ಮಾಚ ಅವನ ತೋಳನ್ನು ಕತ್ತಿನ ಸುತ್ತ ಹಾಕಿಕೊಂಡು ಮೆಲ್ಲಗೆ ನಡೆಸಿಕೊಂಡು ಬಂದ. ಅರ್ಧ ದಾರಿಯಲ್ಲಿ ಇಬ್ಬರಿಗೂ ಸಾಕಾಯಿತು. ಹೊಂಗೆಯ ನೆರಳಲ್ಲಿ, ಕಾಲುಗಳು ದಾರಿಗೆ ಅಡ್ಡ ಚಾಚಿದ್ದೂ ತಿಳಿಯದೆ, ನಿದ್ದೆಹೋದರು.

ಅದೇ ದಾರಿಯಲ್ಲಿ ಬಿಲ್ಲರಸ ಕುದುರೆ ಏರಿ ಬರುತ್ತಿದ್ದ. ಮಾವುತನ ಹಳ್ಳಿಗೆ ತಾನೇ ಹೊರಟಿದ್ದ, ಹಾಲುಗ ಮಾತಾಡಿಸುತ್ತಾನೋ ಇಲ್ಲವೋ ತಿಳಿಯದು. ಮುಂದಿದ್ದ ಭಟ ಮಲಗಿದ್ದವರನ್ನು ಎಬ್ಬಿಸಲು ಕೋಲೆತ್ತಿದ.

"ಬೇಡ," ಎಂದ ಅರಸ. "ದಣಿದಿದ್ದಾರೆ."

ಕುದುರೆಯಿಂದ ಇಳಿದು, ಗೊರಸಿನ ಸದ್ದಾಗದಂತೆ ಲಗಾಮು ಹಿಡಿದು, ಹುಲ್ಲಿನ ಮೇಲೆ ಸುತ್ತು ಬಳಸಿ ನಡೆದುಹೋದ.