ಒರೆಗಲ್ಲಿನ ಅಡಿಮಗ್ಗುಲು

ಭೀಮಾ ನದಿಯ ದಂಡೆಗೆ ಒಂದು ಸಣ್ಣ ಮಠ. ಅಲ್ಲಿ ಮೋನಪ್ಪಯ್ಯ ಎಂಬ ಗುರುಗಳಿದ್ದರು. ಬೆಳಗ್ಗೆ ಧ್ಯಾನ, ಆಮೇಲೆ ಬಂಗಾರದ ಕೆಲಸ. ಯಾರ ಮುಂದೆಯೂ ಕೈ ಚಾಚದೆ ಮಠ ನಡೆಯುತ್ತಿದ್ದುದು ಹೀಗೆ.

ಶಿಷ್ಯ ದೇವೀಂದ್ರನಿಗೆ ಕೈ ಚುರುಕು, ನಂಬಿಕೆ ಮಾತ್ರ ಕಡಿಮೆ. ಮೊದಲು ಕೆಲಸ ಕಲಿತ ಅಂಗಡಿಯಲ್ಲಿ ಯಜಮಾನ ಬಂಗಾರಕ್ಕೆ ತಾಮ್ರ ಬೆರೆಸುವುದನ್ನು ಕಣ್ಣಾರೆ ಕಂಡು ಬಂದವನು. ನೆಚ್ಚಿಕೊಳ್ಳಲು ಒಬ್ಬರಾದರೂ ಗುರು ಸಿಗಲಿ ಎಂದೇ ಇಲ್ಲಿಗೆ ಬಂದಿದ್ದ.

ಒಂದು ದಿನ ಗೌರವ್ವ ಎಂಬ ಮುದುಕಿ ಬಂದಳು. ತನ್ನ ತಾಯಿಯ ಬಳೆ ಬಿಚ್ಚಿ ಕೊಟ್ಟು, ಮೊಮ್ಮಗಳ ತಾಳಿಗೆ ಪೋಣಿಸುವ ಎರಡು ಪುಟ್ಟ ಬಟ್ಟಲು ಮಾಡಿಕೊಡಲು ಹೇಳಿದಳು. ಅವಳ ಹತ್ತಿರ ಇದ್ದ ಬಂಗಾರ ಅಷ್ಟೇ.

ಗುರುಗಳು ಬಳೆಯನ್ನು ಮೂಸೆಯಲ್ಲಿಟ್ಟರು. ಕರಗಿಸುವ ಹೊತ್ತಿಗೆ ದೇವೀಂದ್ರನಿಗೆ ಬೆನ್ನು ತಿರುಗಿಸಿ ಕೂತರು.

ಅಷ್ಟೇ ಸಾಕಾಯಿತು ನೋಡಿ. ಇವರೂ ಅಂಥವರೇ ಏನು? ಹಾಗಿದ್ದರೆ ಈ ಮಠದಲ್ಲಿ ತನಗೇನು ಕೆಲಸ? ದೇವೀಂದ್ರನಿಗೆ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

ಗುರುಗಳು ಬಟ್ಟಲುಗಳನ್ನು ತಟ್ಟಿ, ಅಂಚಿಗೆ ಸಾಸಿವೆಗಿಂತ ಸಣ್ಣ ಬಂಗಾರದ ರವೆಗಳನ್ನು ಒಂದೊಂದಾಗಿ ಕೂರಿಸಿ ಬೆಸೆದರು. ಅವರು ಸ್ನಾನಕ್ಕೆಂದು ಹೊಳೆಗೆ ಇಳಿದದ್ದೇ ತಡ, ದೇವೀಂದ್ರ ಒಂದು ಬಟ್ಟಲನ್ನು ತೆಗೆದು ಒರೆಗಲ್ಲಿಗೆ ಉಜ್ಜಿದ. ಅವರ ಕಣ್ಣಿಗೆ ಬೀಳಬಾರದೆಂದು ಕಲ್ಲಿನ ಅಡಿಮಗ್ಗುಲಿಗೆ ಉಜ್ಜಿದ.

ಗೆರೆ ಅಪ್ಪಟ ಹಳದಿ ಬಂತು.

ಸಮಾಧಾನ ಆಗಬೇಕಿತ್ತು ತಾನೇ? ಎಲ್ಲಿಯ ಸಮಾಧಾನ. ಮೇಲೆ ಬಂಗಾರ, ಒಳಗೆ ತಾಮ್ರ ಇದ್ದರೆ? ಮರುದಿನ ಮತ್ತೆ ಉಜ್ಜಿದ. ಅದರ ಮರುದಿನ ಇನ್ನೂ ಒತ್ತಿ, ಮತ್ತೆ ಮತ್ತೆ ಉಜ್ಜಿದ. ಗೆರೆ ಚೆಂದ ಬಂದಷ್ಟೂ ಮುದುಕ ಭಾರೀ ಪಾಕಡಾ ಆಸಾಮಿ ಇರಬೇಕು ಎಂದುಕೊಂಡ.

ಗೌರವ್ವ ಒಡವೆ ಒಯ್ಯಲು ಬಂದಳು. ಬಟ್ಟಲಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಒಂದು ಕಡೆ ಬೆರಳು ನಿಂತಿತು. ಅಲ್ಲಿ ರವೆಗಳು ಸವೆದು ಚಪ್ಪಟೆಯಾಗಿದ್ದವು.

"ಇಲ್ಲಿಂದು ಬಂಗಾರ ಎಲ್ಲಿ ಹೋತ್ರಿ, ಅಪ್ಪೋರ?"

ಅವಳು ಗುರುಗಳನ್ನು ನೋಡಿದ ಆ ನೋಟ ದೇವೀಂದ್ರನಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಅವನೂ ಹಾಗೆಯೇ ನೋಡಿದ್ದ.

ಗುರುಗಳು ಸಿಟ್ಟಾಗಲಿಲ್ಲ, ಆಣೆ ಇಡಲಿಲ್ಲ. ಒರೆಗಲ್ಲನ್ನು ಎತ್ತಿ ಬೋರಲು ಹಾಕಿದರು. ಗೆರೆಗಳೋ ಗೆರೆಗಳು.

ಒಂದು ಮೇಣದ ಉಂಡೆಯನ್ನು ಬೆಚ್ಚಗೆ ಮಾಡಿ ಕಲ್ಲಿಗೆ ಒತ್ತಿ ಒತ್ತಿ ಎತ್ತಿದರು. ಗೆರೆಗಳೆಲ್ಲ ಮೇಣಕ್ಕೆ ಅಂಟಿ ಬಂದವು. ಮೂಸೆಯಲ್ಲಿ ಮೇಣ ಉರಿದುಹೋಗಿ, ತಳದಲ್ಲಿ ಗಸಗಸೆ ಕಾಳಿನಷ್ಟು ಬಂಗಾರ ಉಳಿಯಿತು.

ದೇವೀಂದ್ರನಿಗೆ ತಡೆಯಲಾಗಲಿಲ್ಲ. "ಉಜ್ಜಿದಾಂವ ನಾನು. ಅವತ್ತು ನೀವು ಬೆನ್ನು ತಿರುಗಿಸಿ ಕುಂತಿದ್ರಿ. ನನಗ ಸಂಶಯ ಬಂತು."

"ಹೊಳಿ ಗಾಳಿ ಬೀಸತಿತ್ತು. ಬೆಂಕಿಗೆ ಬಡೀಬಾರದಂತ ಅಡ್ಡ ಕುಂತಿದ್ದೆ," ಎಂದರು ಗುರುಗಳು.

ಗೌರವ್ವನ ಕಣ್ಣು ಈಗ ದೇವೀಂದ್ರನ ಮೇಲೆ ತಿರುಗಿತು. "ಹಂಗಾದ್ರ ಕಳ್ಳ ಇಂವ ಏನು?"

ಅವನು ತಲೆ ತಗ್ಗಿಸಿದ. ಇನ್ನು ಗಂಟುಮೂಟೆ ಕಟ್ಟುವುದೇ ಸರಿ ಎಂದು ಅವನಿಗೆ ಅನ್ನಿಸಿತ್ತು.

ಗುರುಗಳು ಆ ಬಂಗಾರದ ಕಾಳನ್ನು ಶಿಷ್ಯನ ಅಂಗೈಯಲ್ಲಿಟ್ಟು, ಸವೆದ ಬಟ್ಟಲನ್ನೂ ಸರಿಮಾಡಲೆಂದು ಅವನ ಮುಂದೆಯೇ ಸರಿಸಿದರು.

"ಕಳ್ಳ ಯಾರೂ ಇಲ್ಲವ್ವ. ಇಂವ ನಿನ್ನ ಬಂಗಾರ ಕಾಯ್ದ. ಇಷ್ಟು ಬಂಗಾರ ಆ ಕಾವಲಿಗೆ ಖರ್ಚಾತು."